ಗಿರಣಿಯೂರಿನ ಚೆಂಡು

ಏಳುಬೀಳುಗಳ ಕಥೆಯನ್ನು ಮನುಷ್ಯ ಎಂದಿನಿಂದಲೂ ಮೆಚ್ಚಿ ಕೇಳಿದ್ದಾನೆ. ಅರಸರು ಮೆರೆದು ಮಣ್ಣಾದದ್ದು, ಮನೆತನಗಳು ಬಾಳಿ ಅಳಿದದ್ದು, ಪಟ್ಟಣಗಳು ಹಾಳುಬಿದ್ದದ್ದು - ಎಲ್ಲವೂ ಒಂದೇ ಅಚ್ಚಿನಲ್ಲಿ ಎರಕಗೊಂಡು ನಮ್ಮ ಕಿವಿಗೆ ಬೀಳುತ್ತವೆ. ಮೊದಲು ಏರು, ನಡುವೆ ಶಿಖರ, ಆಮೇಲೆ ಇಳಿಜಾರು, ಕೊನೆಗೊಂದು ನಿಟ್ಟುಸಿರು. ಯಾವ ಸಂಗತಿಯನ್ನು ತಂದು ಸುರಿದರೂ ಈ ಅಚ್ಚು ಅದಕ್ಕೆ ತನ್ನ ಆಕಾರವನ್ನೇ ಕೊಟ್ಟುಬಿಡುತ್ತದೆ. ಈಗೀಗ ಆಟದ ಸಂಘಗಳ ಚರಿತ್ರೆಯೂ ಈ ಅಚ್ಚಿಗೆ ಬಿದ್ದಿದೆ. ಫಿನ್ಲೆಂಡಿನ ಮಿಪಾ ಎಂಬ ಸಣ್ಣ ಫುಟ್‌ಬಾಲ್ ಸಂಘದ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಹೀಗೆ ಹೇಳುತ್ತಾರೆ: ಕಾಗದದ ಗಿರಣಿ ಬೆಳೆಯಿತು, ಸಂಘವೂ ಬೆಳೆಯಿತು; ಗಿರಣಿ ಮುಚ್ಚಿತು, ಸಂಘವೂ ಮುಳುಗಿತು. ಇದು ಸುಳ್ಳಲ್ಲ. ಆದರೆ ಇಷ್ಟೇ ಎಂದರೆ ಸುಳ್ಳಾಗುತ್ತದೆ. ಎಲ್ಲಿ, ಹೇಗೆ ಸುಳ್ಳಾಗುತ್ತದೆ ಎಂಬುದನ್ನು ಕೊಂಚ ವಿಚಾರಿಸಿ ನೋಡಬಹುದು.

ಫಿನ್ಲೆಂಡಿನ ಆಗ್ನೇಯ ಭಾಗದಲ್ಲಿ ಕಿಮಿ ಎಂಬ ನದಿ ಕಾಡುಗಳ ನಡುವೆ ಹರಿದು ಸಮುದ್ರ ಸೇರುತ್ತದೆ. ಅದರ ದಂಡೆಯ ಮೇಲೆ ಮಿಲ್ಲಿಕೊಸ್ಕಿ ಎಂಬ ಊರು. ಆ ನಾಡಿನ ಮಾತಿನಲ್ಲಿ 'ಮಿಲ್ಲಿ' ಎಂದರೆ ಗಿರಣಿ, 'ಕೊಸ್ಕಿ' ಎಂದರೆ ಬಂಡೆಗಳ ನಡುವೆ ರಭಸದಿಂದ ಧುಮುಕಿ ಹರಿಯುವ ನೀರು. ಕಾಡಿನ ಮರ, ನದಿಯ ಬಲ ಎರಡೂ ಒಂದೆಡೆ ದೊರೆತದ್ದರಿಂದ ಬ್ಯೋರ್ನ್‌ಬೆರ್ಗ್ ಮನೆತನದವರು 1892ರಲ್ಲಿ ಇಲ್ಲಿ ಮರವನ್ನು ಅರೆದು ತಿರುಳು ಮಾಡುವ ಗಿರಣಿಯನ್ನು ಹೂಡಿದರು. ಅದೇ ಮುಂದೆ ಕಾಗದದ ದೊಡ್ಡ ಕಾರ್ಖಾನೆಯಾಯಿತು. ಊರು ಅದರ ಸುತ್ತ ಬೆಳೆಯಿತು. ಫುಟ್‌ಬಾಲ್ ಸಂಘ ಹುಟ್ಟಿದ್ದು 1947ರಲ್ಲಿ. ಯುದ್ಧದಲ್ಲಿ ಸೋತ ಫಿನ್ಲೆಂಡ್ ಸೋವಿಯತ್ ಒಕ್ಕೂಟಕ್ಕೆ ಯುದ್ಧದ ಪರಿಹಾರವನ್ನು ಕಂತುಕಂತಾಗಿ ತೆರುತ್ತಿದ್ದ ಕಾಲ ಅದು. ಸಂಘದ ಪೂರ್ತಿ ಹೆಸರಿಗೆ 'ಮಿಲ್ಲಿಕೊಸ್ಕಿಯ ಚೆಂಡು' ಎಂದಷ್ಟೇ ಅರ್ಥ. ಸಿಂಹ, ಹದ್ದು, ವೀರ, ವಿಜಯ ಇಂಥ ಬಿರುದುಗಳೊಂದೂ ಇಲ್ಲ. ಊರು ಇದೆ, ಚೆಂಡು ಇದೆ. ಆ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ ಮಿಪಾ.

ಇನ್ನು ಏರಿನ ಭಾಗ. 1992ರಿಂದ 2014ರವರೆಗೆ ಈ ಸಂಘ ಒಮ್ಮೆಯೂ ಕೆಳಗಿಳಿಯದೆ ದೇಶದ ಅಗ್ರಶ್ರೇಣಿಯಲ್ಲಿ ಆಡಿತು. 1992, 1995, 2004 - ಮೂರು ಸಲ ಫಿನ್ಲೆಂಡಿನ ಕಪ್ ಗೆದ್ದಿತು. ಲೀಗಿನಲ್ಲಿ ಮಾತ್ರ ಅದರ ಅದೃಷ್ಟ ಬೇರೆ. 1993ರಲ್ಲಿ ಎರಡನೆಯ ಸ್ಥಾನ. 1994ರಲ್ಲಿ ಎರಡನೆಯ ಸ್ಥಾನ. 1995, 1996ರಲ್ಲೂ ಅದೇ. ಗೆದ್ದವರು ಬದಲಾದರು: ಪೋರಿ ನಗರದ ಜಾಜ್, ತಾಂಪೆರೆಯ ಟಿ.ಪಿ.ವಿ., ವಲ್ಕೆಯಕೊಸ್ಕಿಯ ಹಾಕ, ಮತ್ತೆ ಜಾಜ್. ಎರಡನೆಯವರು ಮಾತ್ರ ಬದಲಾಗಲಿಲ್ಲ. 2002ರಲ್ಲಿ ಇನ್ನೊಮ್ಮೆ ಹಾಗೆಯೇ ಆಯಿತು. ಕೊನೆಗೆ 2005ರಲ್ಲಿ ಮೊದಲ ಸ್ಥಾನ ಬಂತು. ಅದೇ ಮೊದಲು, ಅದೇ ಕೊನೆ.

ಅಚ್ಚಿನ ಕಥೆಗಾರನಿಗೆ 2005 ಬಹಳ ಅನುಕೂಲದ ವರ್ಷ. ಅದೇ ಶಿಖರ ಎಂದು ಗುರುತು ಹಾಕಿ ಅವನು ಮುಂದೆ ನಡೆಯುತ್ತಾನೆ. ಆದರೆ ಈ ಸಂಘದ ಹಿರಿಮೆ ನಿಜವಾಗಿಯೂ ಅಲ್ಲಿದೆಯೇ? 1992ರಲ್ಲಿ ಯಾರಿ ಲಿಟ್ಮನೆನ್ ಎಂಬ ತರುಣ ಈ ಊರಿಗೆ ಬಂದು ಒಂದು ಋತುವನ್ನೂ ಪೂರ್ತಿ ಕಳೆಯದೆ ಆಮ್‌ಸ್ಟರ್‌ಡಾಮಿನ ಅಯಾಕ್ಸ್ ಸಂಘಕ್ಕೆ ಹೋದ. 1995ರಲ್ಲಿ ಅಯಾಕ್ಸ್ ಯೂರೋಪಿನ ಚಾಂಪಿಯನ್ ಆದಾಗ ಅದರ ಹತ್ತನೆಯ ಅಂಗಿ ಅವನ ಮೈಮೇಲಿತ್ತು. ಸಾಮಿ ಹ್ಯೂಪಿಯ ಎಂಬ ಎತ್ತರದ ಹುಡುಗ ಅದೇ ಕಿಮಿ ನದಿಯ ಮೇಲ್ಗಡೆಯ ವೊಯ್ಕ್ಕಾ ಎಂಬ ಇನ್ನೊಂದು ಕಾಗದದ ಊರಿನಲ್ಲಿ ಬೆಳೆದವನು. 1992ರಿಂದ 1995ರವರೆಗೆ ಮಿಪಾದ ರಕ್ಷಣೆಯ ಸಾಲಿನಲ್ಲಿ ನಿಂತು, ಹಾಲೆಂಡಿಗೆ ಹೋಗಿ, 1999ರಲ್ಲಿ ಲಿವರ್‌ಪೂಲ್ ಸೇರಿದ. 2005ರ ಮೇ ತಿಂಗಳಲ್ಲಿ ಇಸ್ತಾಂಬುಲಿನಲ್ಲಿ ಲಿವರ್‌ಪೂಲ್ ಮೂರು ಗೋಲು ಹಿಂದೆ ಬಿದ್ದು, ಸಮ ಮಾಡಿ, ಮಿಲಾನಿನ ಕೈಯಿಂದ ಯೂರೋಪಿನ ಕಪ್ ಕಸಿದುಕೊಂಡಾಗ ಅವನು ಮೈದಾನದಲ್ಲಿದ್ದ. ಅದೇ ವರ್ಷದ ಶರತ್ಕಾಲದಲ್ಲಿ ಅವನ ಹಳೆಯ ಸಂಘ ತನ್ನ ನಾಡಿನ ಲೀಗ್ ಗೆದ್ದಿತು.

ಸುಮಾರು ನಾಲ್ಕು ಸಾವಿರ ಜನ ಹಿಡಿಸುವ ಸವಿನಿಯೆಮಿ ಎಂಬ ಮೈದಾನದಿಂದ ಹೊರಟ ಇಬ್ಬರು ಯೂರೋಪಿನ ಅತ್ಯುನ್ನತ ಕಪ್ ಎತ್ತಿದರೆಂದರೆ, ಆ ಸಂಘದ ಎತ್ತರವನ್ನು ಅದರ ಸ್ವಂತ ಕಪಾಟಿನಲ್ಲಿರುವ ಪಾರಿತೋಷಕಗಳಿಂದ ಅಳೆಯುವುದು ಸರಿಯಲ್ಲ. ಸಣ್ಣ ಊರಿನ ಸಂಘ ಬೀಜದ ಪಾತಿಯಂತೆ. ಪೈರು ಎತ್ತರಕ್ಕೆ ಬೆಳೆದು ತೆನೆ ಬಿಡುವುದು ಬೇರೆ ಗದ್ದೆಯಲ್ಲಿ. ಪಾತಿಯಲ್ಲಿ ತೆನೆ ಕಾಣಲಿಲ್ಲವೆಂದು ಯಾವ ರೈತನೂ ದೂರುವುದಿಲ್ಲ. ಆದ್ದರಿಂದ ಮಿಪಾದ ಏರು ಒಂದು ಶಿಖರಕ್ಕೆ ಹೋಗಿ ಮುಟ್ಟುವ ಏರಲ್ಲ; ಇಪ್ಪತ್ತಮೂರು ಋತುಗಳ ಕಾಲ ಒಂದೇ ಮಟ್ಟದಲ್ಲಿ ನಿಂತದ್ದೇ ಅದರ ಸಾಧನೆ. ಇಂಥ ಸ್ಥಿರತೆಯನ್ನು ವರ್ಣಿಸಲು ಏಳುಬೀಳಿನ ಅಚ್ಚಿನಲ್ಲಿ ಜಾಗವಿಲ್ಲ.

ಬೀಳಿನ ಭಾಗಕ್ಕೆ ಬಂದರೆ ಅಚ್ಚು ಇನ್ನೂ ಸಡಿಲವಾಗುತ್ತದೆ. ಗ್ರೀಕರ ರುದ್ರನಾಟಕದ ನಾಯಕ ತನ್ನದೇ ಒಂದು ತಪ್ಪಿನಿಂದ, ತನ್ನ ಸ್ವಭಾವದ ಒಂದು ಬಿರುಕಿನಿಂದ ಬೀಳುತ್ತಾನೆ. ಬೀಳುವ ಗಳಿಗೆ ನಮ್ಮ ಕಣ್ಣೆದುರೇ ನಡೆಯುತ್ತದೆ. ರನ್ನನ ದುರ್ಯೋಧನನಿಗೆ ವೈಶಂಪಾಯನ ಸರೋವರವಿದೆ, ಭೀಮನ ಗದೆಯಿದೆ, ಮುರಿದ ತೊಡೆಯಿದೆ. ಮಿಪಾಕ್ಕೆ ಏನಿದೆ? ಅದು ಯಾವ ನಿರ್ಣಾಯಕ ಪಂದ್ಯದಲ್ಲೂ ಸೋತು ಕೆಳಗಿಳಿಯಲಿಲ್ಲ. 2014ರ ಋತುವನ್ನು ಆಡಿ ಮುಗಿಸಿತು. 2015ರ ಋತು ಮೊದಲಾಗುವ ಮುಂಚೆ, ಹಣ ಸಾಲದೆಂದು, ಅಗ್ರಶ್ರೇಣಿಯಿಂದ ತಾನಾಗಿಯೇ ಹಿಂದೆ ಸರಿಯಿತು. ಪತನ ಮೈದಾನದಲ್ಲಿ ನಡೆಯಲೇ ಇಲ್ಲ, ಲೆಕ್ಕದ ಪುಸ್ತಕದಲ್ಲಿ ನಡೆಯಿತು. ನೋಡುವವರು ಯಾರೂ ಇರಲಿಲ್ಲ. ನಾಟಕಕಾರನೊಬ್ಬ ಇದನ್ನು ರಂಗಕ್ಕೆ ತರಹೊರಟರೆ ಕೊನೆಯ ಅಂಕಕ್ಕೆ ದೃಶ್ಯವೇ ಸಿಗದೆ ಪರದಾಡಬೇಕಾದೀತು.

ಗಿರಣಿಯ ಪತನವೂ ಹೀಗೆಯೇ. ಬ್ಯೋರ್ನ್‌ಬೆರ್ಗ್ ಮನೆತನದ ಕಂಪನಿಯನ್ನು ಯು.ಪಿ.ಎಂ. ಎಂಬ ದೊಡ್ಡ ಫಿನ್ನಿಷ್ ಕಂಪನಿ 2011ರಲ್ಲಿ ಕೊಂಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಮಿಲ್ಲಿಕೊಸ್ಕಿಯ ಯಂತ್ರಗಳನ್ನು ನಿಲ್ಲಿಸಿತು. ಮರುತಿಂಗಳು, ಅದೇ ಖರೀದಿಯಲ್ಲಿ ಬಂದಿದ್ದ ಜರ್ಮನಿಯ ಆಲ್ಬ್ರುಕ್ ಗಿರಣಿಯೂ ಮುಚ್ಚಿತು. ಕಾರಣ ಸರಳ. ಇಲ್ಲಿ ತಯಾರಾಗುತ್ತಿದ್ದುದು ವಾರಪತ್ರಿಕೆ, ಮಾಸಪತ್ರಿಕೆಗಳನ್ನು ಅಚ್ಚು ಹಾಕುವ ಕಾಗದ. ಯೂರೋಪಿನ ಓದುಗರು ಹಾಳೆಯನ್ನು ಬಿಟ್ಟು ತೆರೆಯ ಮೇಲೆ ಓದತೊಡಗಿದರು; ಜಾಹೀರಾತುಗಳೂ ಅವರ ಬೆನ್ನು ಹತ್ತಿ ಹೋದವು. ಬೇಡಿಕೆ ಇಳಿಯಿತು, ಯಂತ್ರಗಳು ಹೆಚ್ಚಾದವು. ಹೆಚ್ಚಾದದ್ದನ್ನು ಮುಚ್ಚುವುದು ವ್ಯಾಪಾರದ ಧರ್ಮ. ಇಲ್ಲಿ ಖಳನೆಂದು ಯಾರ ಕಡೆಗೆ ಬೆರಳು ಮಾಡೋಣ? ಬೆಳಗಿನ ಕಾಫಿಯ ಜೊತೆ ಪತ್ರಿಕೆಯನ್ನು ಬಿಡಿಸುವ ಬದಲು ಅಂಗೈಯ ಗಾಜನ್ನು ಬೆರಳಿನಿಂದ ಸವರಿದ ಕೋಟಿಗಟ್ಟಲೆ ಜನರೇ ಖಳರೆಂದು ಹೇಳಬೇಕು. ಅವರಲ್ಲೊಬ್ಬರಿಗೂ ಮಿಲ್ಲಿಕೊಸ್ಕಿಯ ಹೆಸರು ಗೊತ್ತಿರಲಾರದು. ಒಂದು ಊರಿನ ಚೆಂಡಾಟವನ್ನು ನಿಲ್ಲಿಸಬೇಕೆಂದು ಅವರಲ್ಲಿ ಯಾರೂ ಬಯಸಲಿಲ್ಲ.

ಹಾಗಾದರೆ ಸಂಘದ ತಪ್ಪೇನೂ ಇಲ್ಲವೆ ಎಂದು ಕೇಳಬಹುದು. ಈ ಪ್ರಶ್ನೆಯನ್ನು ತಪ್ಪಿಸಿಕೊಂಡು ಹೋಗುವಂತಿಲ್ಲ. ಒಂದೇ ಆಶ್ರಯವನ್ನು ನಂಬಿ ಬಾಳುವುದು ಅಪಾಯ ಎಂಬುದು ಮುಂಚಿನಿಂದಲೂ ತಿಳಿದ ಮಾತು. ರಾಜಾಶ್ರಯ ತಪ್ಪಿದ ಕವಿಗಳ ಪಾಡು ನಮ್ಮ ಸಾಹಿತ್ಯಕ್ಕೂ ಹೊಸದಲ್ಲ. ಆದರೆ ಒಂದೇ ಗಿರಣಿಯ ಊರಿನಲ್ಲಿ ಎರಡನೆಯ ಆಶ್ರಯವನ್ನು ಹುಡುಕುವುದು ಎಲ್ಲಿಂದ? ಕೂಲಿ ಅಲ್ಲಿಂದ, ಅಂಗಡಿಯ ವ್ಯಾಪಾರ ಅಲ್ಲಿಂದ, ಆಟ ನೋಡಲು ಬರುವವನ ಟಿಕೆಟಿನ ಹಣವೂ ಅಲ್ಲಿಂದಲೇ. 2009ರಲ್ಲಿ ಮಿಲ್ಲಿಕೊಸ್ಕಿಯನ್ನೊಳಗೊಂಡ ಪುರಸಭೆಯೇ ಪಕ್ಕದ ಕೊವೊಲಾ ನಗರದಲ್ಲಿ ಲೀನವಾಗಿತ್ತು. ಆಮೇಲೆ ಊರಿನದೇ ಎಂದು ಹೇಳಿಕೊಳ್ಳಲು ಉಳಿದಿದ್ದ ದೊಡ್ಡ ವಸ್ತುಗಳು ಗಿರಣಿ ಮತ್ತು ಸಂಘ, ಎರಡೇ.

ಇಷ್ಟಾದರೂ 'ಗಿರಣಿ ಹೋದರೆ ಸಂಘ ಹೋಯಿತು' ಎಂಬ ಸಮೀಕರಣ ಪೂರ್ತಿ ನಿಲ್ಲುವುದಿಲ್ಲ. ಮಿಪಾದ ಸೋದರನಂತಿರುವ ಹಾಕ ಸಂಘವನ್ನು ನೋಡಿ. ವಲ್ಕೆಯಕೊಸ್ಕಿಯೂ ಕಾಗದದ ಊರೇ. 1934ರಲ್ಲಿ ಹುಟ್ಟಿದ ಹಾಕ ಒಂಬತ್ತು ಸಲ ಲೀಗ್ ಗೆದ್ದಿದೆ. ಅಲ್ಲಿರುವ ತೆರ್ವಸಾರಿ ಗಿರಣಿಯ ಒಡೆತನವೂ ಯು.ಪಿ.ಎಂ.ನದೇ. ಅದು ಮುಚ್ಚಲಿಲ್ಲ. ಸೀಸೆ ಡಬ್ಬಿಗಳಿಗೆ ಅಂಟಿಸುವ ಚೀಟಿಯ ಕಾಗದದತ್ತ ತಿರುಗಿ ಬದುಕಿಕೊಂಡಿತು. ಆದರೂ 2012ರಲ್ಲಿ ಹಾಕ ಅಗ್ರಶ್ರೇಣಿಯಿಂದ ಕೆಳಗೆ ಬಿತ್ತು; ಮತ್ತೆ ಮೇಲೆ ಬಂದದ್ದು 2020ರ ಋತುವಿಗೆ. ಅತ್ತ ಮಿಲ್ಲಿಕೊಸ್ಕಿಯಲ್ಲಿ ಗಿರಣಿಯ ಸದ್ದಡಗಿದ ಮೇಲೂ ಸಂಘ 2012, 2013, 2014 - ಮೂರು ಋತು ಮೇಲಿನ ಸಾಲಿನಲ್ಲೇ ನಿಂತಿತು. ಒಂದು ಕಡೆ ಗಿರಣಿ ಉಳಿದು ಸಂಘ ಬಿತ್ತು. ಇನ್ನೊಂದು ಕಡೆ ಗಿರಣಿ ಬಿದ್ದು ಸಂಘ ಕೆಲಕಾಲವಾದರೂ ನಿಂತಿತು. ಕಾರ್ಯಕಾರಣವನ್ನು ಕಥೆಯಷ್ಟು ಸಲೀಸಾಗಿ ಜೋಡಿಸಲು ಬಾರದೆಂಬುದಕ್ಕೆ ಇಷ್ಟು ಸಾಕು.

ನನಗೆ ತೋರುವಂತೆ ಮಿಪಾ ಕಥೆಯ ಹೃದಯ ಇರುವುದು ಈ ಮೂರು ಋತುಗಳಲ್ಲಿ. ಅಚ್ಚಿನ ಕಥೆ ಇವುಗಳನ್ನು ಒಂದು ವಾಕ್ಯದಲ್ಲಿ ದಾಟಿಬಿಡುತ್ತದೆ, ಏಕೆಂದರೆ ಅವು ಏರೂ ಅಲ್ಲ, ಬೀಳೂ ಅಲ್ಲ. ಆಧಾರ ಹೋಗಿದೆ ಎಂದು ಬಲ್ಲ ಜನ ಆಟವನ್ನು ಮುಂದುವರಿಸುತ್ತಾರೆ. ಪಂದ್ಯದ ಪಟ್ಟಿ ಅಂಟಿಸುತ್ತಾರೆ, ಗೆರೆಗೆ ಸುಣ್ಣ ಹಾಕುತ್ತಾರೆ, ಬಲೆ ಕಟ್ಟುತ್ತಾರೆ. ಇದರಲ್ಲಿ ವೀರರಸವನ್ನು ಹುಡುಕುವುದು ಅತಿಯಾದೀತು. ಕರುಣರಸವನ್ನು ಹಿಂಡುವುದು ಇನ್ನೂ ಅತಿ. ಮನೆಯ ಹಿರಿಯ ತೀರಿಕೊಂಡ ಮರುದಿನವೂ ಒಲೆ ಹಚ್ಚಬೇಕಾದವರು ಹಚ್ಚುತ್ತಾರಲ್ಲ, ಆ ಬಗೆಯ ನಡತೆ ಇದು. ಅದಕ್ಕೆ ನಮ್ಮ ಅಲಂಕಾರ ಶಾಸ್ತ್ರದಲ್ಲಿ ಬೇರೆ ಹೆಸರಿಲ್ಲದಿರಬಹುದು. ಬದುಕಿನಲ್ಲಿ ಅದು ಅಪರೂಪವಲ್ಲ.

2015ರ ಬಳಿಕ ಮಿಪಾ ಎಂಬ ಹೆಸರು ಮಾಯವಾಗಿಬಿಡಲಿಲ್ಲ. ಕೆಳಗಿನ ಶ್ರೇಣಿಗಳಲ್ಲಿ ಅದು ಮತ್ತೆ ಆಡಲು ಇಳಿಯಿತು. ಇದನ್ನು ಪುನರುತ್ಥಾನವೆಂದು ಕೂಗಿ ಹೇಳುವ ಅಗತ್ಯವಿಲ್ಲ. ಹಾಗೆ ಹೇಳಿದರೆ ಇನ್ನೊಂದು ಅಚ್ಚಿಗೆ ಬಿದ್ದಂತಾಗುತ್ತದೆ. 1947ರಲ್ಲಿ ಆ ಊರಿನವರು ಸಂಘಕ್ಕೆ ಹೆಸರಿಡುವಾಗ ಅದರೊಳಗೆ ಗೆಲುವಿನ ಮಾತೊಂದನ್ನೂ ಸೇರಿಸಲಿಲ್ಲ ಎಂಬುದನ್ನು ನೆನೆದರೆ ಸಾಕು. ಅವರು ಹೇಳಿಕೊಂಡದ್ದು ಊರಿನ ಹೆಸರನ್ನು, ಒಂದು ಚೆಂಡನ್ನು. ಅವೆರಡೂ ಇನ್ನೂ ಇವೆ. ಅವುಗಳ ನಡುವೆ ನಿಂತಿದ್ದ ಗಿರಣಿ ಮಾತ್ರ ಈಗಿಲ್ಲ. ಅದು ಇಲ್ಲವೆಂಬ ನಷ್ಟವನ್ನು ಒಂದು ಸುಂದರವಾದ ಕಥೆಯಾಗಿ ಮಾಡಿ ಮುಗಿಸದಿರುವುದೇ ವಿಮರ್ಶಕನಾದವನು ಆ ಊರಿಗೆ ಸಲ್ಲಿಸಬಹುದಾದ ಮರ್ಯಾದೆ.