ಮಂಜುನಾಥರ ಆರು ಸಾಲು

ಮೂಲ ಹೀಗಿದೆ:

ಇವತ್ತಿಗೆ ನಲವತ್ತು ತುಂಬಿತು, ಹಾರೈಸಿದ ಎಲ್ಲರಿಗೂ ಧನ್ಯವಾದ.
ಅಪ್ಪ ಕೃಷ್ಣಪ್ಪ, ಅಮ್ಮ ಜಯಮ್ಮ, ಹುಟ್ಟಿದೂರು ತೀರ್ಥಹಳ್ಳಿ, ಈ ಮೂರರ ಋಣ ದೊಡ್ಡದು.
ನಮ್ಮ ಪುಟ್ಟಿ ಭಾಷಣ ಸ್ಪರ್ಧೆಯಲ್ಲಿ ಫಸ್ಟ್ ಬಂದಳು, ಶಾಲೆಯ ಗೇಟಿನ ಮುಂದೆ ತೆಗೆದ ಫೋಟೊ ನೋಡಿ.
ಹೊಸ ಕಾರೂ ಮನೆ ಮುಂದೆ ಬಂದು ನಿಂತಿದೆ.
ನಾಳೆಯಿಂದ ದಸರಾ ರಜೆ, ಹತ್ತು ದಿನ ಎಲ್ಲರೂ ಕಾಶಿಗೆ, ಅಮ್ಮ ಮಾತ್ರ ಊರಲ್ಲೇ.
ಅಕ್ಕ, ಭಾವ, ಆಫೀಸಿನ ಗೆಳೆಯರನ್ನು ಟ್ಯಾಗ್ ಮಾಡಿದ್ದೇನೆ, ನಂಬರ್ ಬೇಕಾದವರಿಗೆ ಕೆಳಗಿದೆ.

ಈ ಪೋಸ್ಟು, ಇದನ್ನು ಹಾಕಿದ ಮಂಜುನಾಥರು, ಎರಡೂ ನನ್ನ ಕಲ್ಪನೆ. ಆದರೆ ಇಂಥ ಸಾಲು ಕಾಣದ ದಿನವೇ ಇಲ್ಲ ಎಂಬುದು ಫೇಸ್‌ಬುಕ್ ತೆರೆಯುವ ಯಾರಿಗೂ ಗೊತ್ತು. ಪೋಸ್ಟಿನ ಮೂಲೆಯಲ್ಲಿ ಪುಟ್ಟ ಭೂಗೋಳದ ಚಿತ್ರವಿದೆ, ಅಂದರೆ ಪಬ್ಲಿಕ್. ಒಂದೊಂದು ಸಾಲನ್ನೇ ಓದಿದರೆ ಹೆದರುವಂಥದ್ದು ಏನೂ ಇಲ್ಲ. ಹಳೆಯ ಕಾವ್ಯಕ್ಕೆ ಟೀಕೆ ಬರೆಯುವವರು ಚೆದುರಿದ ಪದಗಳನ್ನು ಕೂಡಿಸಿ ಅನ್ವಯ ಮಾಡುತ್ತಾರಲ್ಲ, ಆ ಕೆಲಸ ಶುರುವಾದಾಗಲೇ ಅಪಾಯ. ವಂಚಕನಷ್ಟು ಶ್ರದ್ಧೆಯಿಂದ ನಮ್ಮನ್ನು ಅನ್ವಯ ಮಾಡಿ ಓದುವವರು ಬೇರೆ ಯಾರೂ ಇಲ್ಲ.

ಸಾಲು 1: ಇವತ್ತಿಗೆ ನಲವತ್ತು ತುಂಬಿತು

ಇಸವಿ ಬರೆದಿಲ್ಲ. ಬರೆಯಬೇಕಾಗಿಯೂ ಇಲ್ಲ. ಪೋಸ್ಟಿನ ತಲೆಯ ಮೇಲೆ ತಾರೀಖು ತಾನಾಗಿಯೇ ಬಿದ್ದಿರುತ್ತದೆ, ಅದರಿಂದ ನಲವತ್ತು ಕಳೆದರೆ ದಿನ, ತಿಂಗಳು, ಇಸವಿ ಮೂರೂ ಸಿಕ್ಕವು. 1985 ಎಂದಿಟ್ಟುಕೊಳ್ಳೋಣ.

ಹುಟ್ಟಿದ ದಿನದಲ್ಲಿ ಗುಟ್ಟೇನಿದೆ ಎನ್ನಬಹುದು. ಆಧಾರ್ ಪ್ರಾಧಿಕಾರದ ಜಾಲತಾಣದಿಂದ ನಾವು ಇಳಿಸಿಕೊಳ್ಳುವ ಇ-ಆಧಾರ್ ಪಿಡಿಎಫ್ ತೆರೆಯಲು ಪಾಸ್‌ವರ್ಡ್ ಬೇಕು. ಅದು ಹೇಗಿರುತ್ತದೆಂದು ಪ್ರಾಧಿಕಾರವೇ ಊರಿಗೆಲ್ಲ ತಿಳಿಸಿದೆ: ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ, ಅದರ ಬೆನ್ನಿಗೆ ಹುಟ್ಟಿದ ಇಸವಿ. ಆಧಾರಿನಲ್ಲಿ ಹೆಸರು ಮಂಜುನಾಥ ಎಂದೇ ಶುರುವಾಗುವುದಾದರೆ ಎಂ, ಎ, ಎನ್, ಜೆ, 1985. ಬೀಗದ ಕೈ ಸಿದ್ಧವಾಯಿತು. ಪೆಟ್ಟಿಗೆ ಎಲ್ಲಿದೆ? ಮುದ್ರಿಸಿಕೊಂಡು ಬಂದ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ, ಬಾಡಿಗೆ ಮನೆ ತೋರಿಸಿದ ಬ್ರೋಕರನ ವಾಟ್ಸ್ಯಾಪಿನಲ್ಲಿ, ಯಾವುದೋ ಲಾಡ್ಜಿನ ಮೇಲ್ ಬಾಕ್ಸಿನಲ್ಲಿ. ಎಷ್ಟು ಕಡೆ ಕಳಿಸಿದ್ದೇವೆಂದು ನಮಗೇ ನೆನಪಿರುವುದಿಲ್ಲ. ಹಲವು ಬ್ಯಾಂಕುಗಳು ತಿಂಗಳ ಸ್ಟೇಟ್‌ಮೆಂಟಿಗೆ ಹಾಕುವ ಪಾಸ್‌ವರ್ಡ್ ಕೂಡ ಹುಟ್ಟಿದ ತಾರೀಖಿನ ಸುತ್ತಲೇ ತಿರುಗುತ್ತದೆ. ಹೀಗೆ ಹುಟ್ಟುಹಬ್ಬವನ್ನು ಬೀಗ ಮಾಡಿದ ತಪ್ಪು ಮಂಜುನಾಥರದಲ್ಲ, ಬೀಗ ಮಾಡಿದವರದು. ನಷ್ಟ ಮಾತ್ರ ಮಂಜುನಾಥರ ಪಾಲಿಗೆ.

ಸಾಲು 2: ಅಪ್ಪ ಕೃಷ್ಣಪ್ಪ, ಅಮ್ಮ ಜಯಮ್ಮ, ತೀರ್ಥಹಳ್ಳಿ

ನಮ್ಮ ಕಡೆ ಹೆಸರಿನ ಹಿಂದಿನ ಇನಿಷಿಯಲ್ಲುಗಳಲ್ಲಿ ಊರು ಮತ್ತು ಅಪ್ಪ ಅಡಗಿರುತ್ತಾರೆ. ಪ್ರೊಫೈಲಿನಲ್ಲಿ ಟಿ.ಕೆ. ಮಂಜುನಾಥ ಎಂದಷ್ಟೇ ಇದ್ದದ್ದು ಈ ಸಾಲಿನಿಂದ ಪೂರ್ತಿ ಬಿಚ್ಚಿಕೊಂಡಿತು. ಬ್ಯಾಂಕಿನ ಫಾರ್ಮುಗಳು ತಾಯಿಯ ಮದುವೆಗೆ ಮುಂಚಿನ ಹೆಸರು ಕೇಳುತ್ತವೆ. ಮನೆತನದ ಹೆಸರು ಹಚ್ಚಿಕೊಳ್ಳುವ ರೂಢಿಯಿಲ್ಲದ ಕಡೆ ಜನ ಅಲ್ಲಿ ಸುಮ್ಮನೆ ಅಮ್ಮನ ಹೆಸರನ್ನೇ ತುಂಬುತ್ತಾರೆ. ಅಂದರೆ ಜಯಮ್ಮ ಎಂಬುದು ಒಂದು ಭದ್ರತಾ ಪ್ರಶ್ನೆಯ ಉತ್ತರ.

2008ರಲ್ಲಿ ಅಮೆರಿಕದ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಸಾರಾ ಪೇಲಿನ್ ಅವರ ಯಾಹೂ ಮೇಲ್ ಹೊಕ್ಕವನು ಒಬ್ಬ ಕಾಲೇಜು ಹುಡುಗ. ಅವನು ಯಾವ ಮಹಾ ತಂತ್ರವನ್ನೂ ಹೂಡಲಿಲ್ಲ. ಹುಟ್ಟಿದ ದಿನ, ಊರಿನ ಪಿನ್ ಕೋಡು, ಗಂಡನನ್ನು ಮೊದಲು ಭೇಟಿಯಾದದ್ದು ಎಲ್ಲಿ ಎಂಬ ಪ್ರಶ್ನೆಗಳಿಗೆ ಅಂತರ್ಜಾಲದಲ್ಲಿ ಬಿದ್ದಿದ್ದ ಉತ್ತರಗಳನ್ನೇ ಆರಿಸಿಕೊಟ್ಟು ಪಾಸ್‌ವರ್ಡ್ ಬದಲಿಸಿದ. ‘ನಿಮ್ಮ ಮೊದಲ ಶಾಲೆ ಯಾವುದು, ಮೆಚ್ಚಿನ ಮೇಷ್ಟ್ರು ಯಾರು, ಕಮೆಂಟಿನಲ್ಲಿ ಹೇಳಿ’ ಎಂಬ ಆಟದ ಪೋಸ್ಟುಗಳು ಬಂದಾಗ ಈ ಹುಡುಗನನ್ನು ನೆನೆಯಬಹುದು. ಮೇಷ್ಟರ ಮೇಲಿನ ಪ್ರೀತಿಯಿಂದ ಬರೆದ ಉತ್ತರವೂ ಕೀಲಿಯೇ.

ಸಾಲು 3: ನಮ್ಮ ಪುಟ್ಟಿ ಫಸ್ಟ್ ಬಂದಳು

ಇಲ್ಲಿ ಸ್ವಲ್ಪ ನಿಲ್ಲಬೇಕು.

ಫೋನಿನಲ್ಲಿ ತೆಗೆದ ಫೋಟೊದೊಳಗೆ ಜಾಗದ ಅಕ್ಷಾಂಶ ರೇಖಾಂಶ ಕೂತಿರಬಹುದು. ಪೊಲೀಸರಿಂದ ತಪ್ಪಿಸಿಕೊಂಡು ತಿರುಗುತ್ತಿದ್ದ ಆಂಟಿವೈರಸ್ ಉದ್ಯಮಿ ಜಾನ್ ಮೆಕಾಫಿ 2012ರಲ್ಲಿ ಗ್ವಾಟೆಮಾಲಾದಲ್ಲಿರುವುದು ಬಯಲಾದದ್ದು ಹೀಗೆ, ಪತ್ರಿಕೆಯೊಂದು ಪ್ರಕಟಿಸಿದ ಫೋಟೊದಿಂದ. ಫೇಸ್‌ಬುಕ್ಕಿಗೆ ಏರಿಸಿದ ಫೋಟೊದಿಂದ, ವಾಟ್ಸ್ಯಾಪಿನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೊದಿಂದ ಈ ಮಾಹಿತಿ ಸೋಸಿಹೋಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಹಾಗೇ ಉಳಿಯುತ್ತದೆ. ಆದರೆ ಪುಟ್ಟಿಯ ಫೋಟೊಗೆ ಅದರ ಅಗತ್ಯವೇ ಇಲ್ಲ. ಗೇಟಿನ ಮೇಲೆ ಶಾಲೆಯ ಬೋರ್ಡು, ಕೊರಳಲ್ಲಿ ತರಗತಿ ಮತ್ತು ಸೆಕ್ಷನ್ ಬರೆದ ಐಡಿ ಕಾರ್ಡು, ಪಕ್ಕದಲ್ಲಿ ಶಾಲೆ ಬಸ್ಸಿನ ರೂಟ್ ನಂಬರ್.

ಇವೆಲ್ಲಕ್ಕಿಂತ ನನ್ನನ್ನು ಕಾಡುವುದು ‘ಪುಟ್ಟಿ’ ಎಂಬ ಮನೆಯ ಹೆಸರು. ಅಪರಿಚಿತರ ಜೊತೆ ಮಾತಾಡಬೇಡ ಎಂದು ಮಕ್ಕಳಿಗೆ ಹೇಳಿಕೊಟ್ಟಿರುತ್ತೇವೆ. ‘ಪುಟ್ಟಿ, ಭಾಷಣದಲ್ಲಿ ಫಸ್ಟ್ ಬಂದ್ಯಂತೆ, ಅಪ್ಪ ಹೇಳಿದ್ರು, ಹೊಸ ಕಾರ್ ರಿಪೇರಿಗೆ ಹೋಗಿದೆ, ನನ್ನನ್ನೇ ಕಳಿಸಿದ್ದಾರೆ ಬಾ’ ಎಂದು ಕರೆದವನು ಅವಳ ಲೆಕ್ಕದಲ್ಲಿ ಅಪರಿಚಿತನೇ ಅಲ್ಲ. ವಿಳಾಸ ಹುಡುಕುವುದು ಸುಲಭ, ಸಲುಗೆ ಸಂಪಾದಿಸುವುದು ಕಷ್ಟ. ಆ ಕಷ್ಟವನ್ನು ಅಪ್ಪನೇ ಕಡಿಮೆ ಮಾಡಿಕೊಟ್ಟಿದ್ದಾರೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಹದಿನೆಂಟು ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿಯನ್ನು ಕಂಪನಿಗಳು ಮುಟ್ಟಬೇಕಾದರೆ ಹೆತ್ತವರ ಒಪ್ಪಿಗೆ ಬೇಕು. ಹೆತ್ತವರೇ ಹಾಕಿದರೆ? ಒಬ್ಬ ವ್ಯಕ್ತಿ ತನ್ನ ಸ್ವಂತಕ್ಕೋ ಮನೆಯ ಮಟ್ಟಿಗೋ ಮಾಡುವ ಬಳಕೆಯನ್ನು ಕಾಯ್ದೆ ಹೊರಗಿಟ್ಟಿದೆ. ಹಾಗಾಗಿ ಎಚ್ಚರ ಹೆತ್ತವರ ಕೈಯಲ್ಲೇ. ಬೋರ್ಡು ಕತ್ತರಿಸಿ, ಕಾರ್ಡು ತೆಗೆಸಿ, ಗೆದ್ದ ಕಪ್ಪಿನ ಫೋಟೊ ಒಂದನ್ನೇ ಹಾಕಿದ್ದರೂ ಸಂತೋಷ ಕಡಿಮೆಯಾಗುತ್ತಿರಲಿಲ್ಲ.

ಸಾಲು 4: ಹೊಸ ಕಾರೂ ಬಂದು ನಿಂತಿದೆ

ನಂಬರ್ ಪ್ಲೇಟು ಕಾಣುತ್ತಿದೆ. ವಾಹನದ ಮಾದರಿ, ನೋಂದಣಿ, ವಿಮೆಯ ಅವಧಿಯನ್ನು ಸರ್ಕಾರಿ ಆ್ಯಪಿನಲ್ಲೇ ನೋಡಬಹುದು. ವಿಮೆ ಮುಗಿಯುವ ವಾರಕ್ಕೆ ಸರಿಯಾಗಿ ಫೋನು ಬಂದರೆ ಆಶ್ಚರ್ಯವಿಲ್ಲ. ಮುಂದೆ ಹೋಗೋಣ.

ಸಾಲು 5: ಹತ್ತು ದಿನ ಕಾಶಿಗೆ, ಅಮ್ಮ ಮಾತ್ರ ಊರಲ್ಲೇ

ಮನೆಗೆ ಬೀಗ ಬಿದ್ದಿದೆ ಎಂದು ಸಾರುವುದರ ಅಪಾಯ ಎಲ್ಲರಿಗೂ ಗೊತ್ತಿದ್ದದ್ದೇ. 2010ರಲ್ಲಿ ನೆದರ್ಲೆಂಡ್ಸಿನ ಕೆಲವು ಯುವಕರು, ಜನ ತಾವೇ ಹಾಕಿಕೊಂಡ ‘ಇಂಥ ಕಡೆ ಇದ್ದೇನೆ’ ಎಂಬ ಟ್ವೀಟುಗಳನ್ನು ಒಟ್ಟುಮಾಡಿ, ‘ದಯವಿಟ್ಟು ನನ್ನ ಮನೆ ದೋಚಿ’ ಎಂಬರ್ಥದ ಹೆಸರಿನ ಜಾಲತಾಣವನ್ನೇ ತೆರೆದಿದ್ದರು. ಎಚ್ಚರಿಸುವುದಕ್ಕಾಗಿ ಮಾಡಿದ ಕುಚೋದ್ಯ ಅದು.

ನಾಳೆ ವಿಮಾನ ನಿಲ್ದಾಣದಿಂದ ಬೋರ್ಡಿಂಗ್ ಪಾಸ್ ಹಿಡಿದ ಸೆಲ್ಫಿಯೂ ಬರುತ್ತದೆ, ಊಹಿಸಬಲ್ಲೆ. ಆಸ್ಟ್ರೇಲಿಯಾದ ಮಾಜಿ ಪ್ರಧಾನಿ ಟೋನಿ ಅಬಾಟ್ 2020ರಲ್ಲಿ ಇನ್‌ಸ್ಟಾಗ್ರಾಮಿಗೆ ತಮ್ಮ ಬೋರ್ಡಿಂಗ್ ಪಾಸಿನ ಚಿತ್ರ ಹಾಕಿದ್ದರು. ಅದರಲ್ಲಿದ್ದ ಬುಕಿಂಗ್ ಸಂಖ್ಯೆ ಮತ್ತು ಹೆಸರನ್ನು ವಿಮಾನ ಸಂಸ್ಥೆಯ ಜಾಲತಾಣಕ್ಕೆ ಹಾಕಿ, ಪುಟದ ಕೋಡು ಕೆದಕಿದವನೊಬ್ಬನಿಗೆ ಅಬಾಟ್ ಅವರ ಪಾಸ್‌ಪೋರ್ಟ್ ಸಂಖ್ಯೆ, ಫೋನ್ ನಂಬರ್ ಎರಡೂ ಸಿಕ್ಕವು. ಒಳ್ಳೆಯ ಮನುಷ್ಯ, ಸಂಬಂಧಪಟ್ಟವರಿಗೆ ತಿಳಿಸಿದ.

ಇಷ್ಟಾಗಿಯೂ ನನ್ನ ಮಟ್ಟಿಗೆ ಇಡೀ ಪೋಸ್ಟಿನ ಅತಿ ದುಬಾರಿ ಮಾತು ಈ ಸಾಲಿನ ಬಾಲದಲ್ಲಿದೆ: ಅಮ್ಮ ಮಾತ್ರ ಊರಲ್ಲೇ. ಅದರ ಅನ್ವಯ ಕೊನೆಗೆ.

ಸಾಲು 6: ಟ್ಯಾಗ್ ಮಾಡಿದ್ದೇನೆ, ನಂಬರ್ ಕೆಳಗಿದೆ

ತನ್ನ ವಿಷಯ ತಾನು ಹೇಳಿಕೊಳ್ಳುವುದು ಅವರವರ ಇಷ್ಟ. ಟ್ಯಾಗ್ ಮಾಡಿದಾಗ ಇನ್ನೊಬ್ಬರ ವಿಷಯವೂ ಹೊರಬಿತ್ತು. ರಸಪ್ರಶ್ನೆಯ ಆ್ಯಪೊಂದರ ಮೂಲಕ ಫೇಸ್‌ಬುಕ್ ಬಳಕೆದಾರರ ಮಾಹಿತಿ ಸೋರಿದ ಕೇಂಬ್ರಿಜ್ ಅನಲಿಟಿಕಾ ಹಗರಣ 2018ರಲ್ಲಿ ಹೊರಬಂದಾಗ ಫೇಸ್‌ಬುಕ್ ಕೊಟ್ಟ ಲೆಕ್ಕದಂತೆ ಭಾರತದಲ್ಲಿ ಆ ಆ್ಯಪನ್ನು ಹಾಕಿಕೊಂಡವರು ಬರೀ 335 ಮಂದಿ. ಮಾಹಿತಿ ಸೋರಿರಬಹುದಾದವರು 5.62 ಲಕ್ಷ! ಉಳಿದವರು ಮಾಡಿದ್ದ ತಪ್ಪೆಂದರೆ ಆ 335 ಜನರ ಗೆಳೆಯರಾಗಿದ್ದದ್ದು.

ಫೋನ್ ನಂಬರಿನ ಮಾತಿಗೆ ಬಂದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ಅಧ್ಯಕ್ಷರಾಗಿದ್ದ ಆರ್.ಎಸ್. ಶರ್ಮಾ ನೆನಪಾಗುತ್ತಾರೆ. 2018ರ ಜುಲೈನಲ್ಲಿ ಅವರು ತಮ್ಮ ಆಧಾರ್ ಸಂಖ್ಯೆಯನ್ನೇ ಟ್ವೀಟ್ ಮಾಡಿ, ಇದರಿಂದ ನನಗೇನು ಹಾನಿ ಮಾಡುತ್ತೀರೋ ಮಾಡಿ ಎಂದು ಸವಾಲು ಹಾಕಿದರು. ಕೆಲವೇ ಗಂಟೆಗಳಲ್ಲಿ ಅವರ ಮೊಬೈಲ್ ನಂಬರ್, ಹುಟ್ಟಿದ ದಿನ, ವಿಳಾಸಗಳೆಲ್ಲ ಟ್ವಿಟರಿನಲ್ಲಿ ಮೆರವಣಿಗೆ ಹೊರಟವು. ಇವೆಲ್ಲ ಗೂಗಲ್ಲಿನಲ್ಲಿ, ಬೇರೆ ಜಾಲತಾಣಗಳಲ್ಲಿ ಮೊದಲೇ ಇದ್ದವು, ನಮ್ಮ ಭಂಡಾರದಿಂದ ಹೋದದ್ದಲ್ಲ ಎಂದು ಆಧಾರ್ ಪ್ರಾಧಿಕಾರ ಸಮಜಾಯಿಷಿ ಕೊಟ್ಟಿತು. ಸಮಾಧಾನ ಹೇಳಲು ಹೋಗಿ ಪ್ರಾಧಿಕಾರ ನನ್ನ ವಾದವನ್ನೇ ಮಂಡಿಸಿತು: ಕದಿಯುವ ಅಗತ್ಯವಿರಲಿಲ್ಲ, ಆರಿಸಿಕೊಂಡರೆ ಸಾಕಿತ್ತು. ಆಮೇಲೆ ಆಧಾರ್ ಸಂಖ್ಯೆಯನ್ನು ಹೀಗೆ ಬಹಿರಂಗ ಮಾಡಬೇಡಿ ಎಂದು ಅದೇ ಪ್ರಾಧಿಕಾರ ಜನರನ್ನು ಕೇಳಿಕೊಳ್ಳಬೇಕಾಯಿತು.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು. ಆ ಪ್ರಕರಣದ ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಅದರ ಬೆನ್ನಲ್ಲಿ ಬಂದ 2023ರ ಕಾಯ್ದೆಯ ಮೂರನೆಯ ಕಲಮನ್ನು ಮಂಜುನಾಥರು ಒಮ್ಮೆ ಓದಬೇಕು. ತಾವಾಗಿಯೇ ಸಾರ್ವಜನಿಕಗೊಳಿಸಿದ ಮಾಹಿತಿಗೆ ಈ ಕಾಯ್ದೆ ಅನ್ವಯಿಸದು ಎನ್ನುತ್ತದೆ ಅದು. ಉದಾಹರಣೆಯಾಗಿ ಕೊಟ್ಟಿರುವುದೂ ಸೋಷಿಯಲ್ ಮೀಡಿಯಾದಲ್ಲಿ ಹಾಕಿಕೊಂಡ ಮಾಹಿತಿಯನ್ನೇ. ಮೂಲೆಯ ಭೂಗೋಳವನ್ನು ಒತ್ತಿ ‘ಫ್ರೆಂಡ್ಸ್’ ಎಂದು ಬದಲಿಸಲು ಅರ್ಧ ನಿಮಿಷ ಸಾಕು. ಹಳೆಯ ಪೋಸ್ಟುಗಳನ್ನೆಲ್ಲ ಒಟ್ಟಿಗೆ ಗೆಳೆಯರ ಮಟ್ಟಿಗೆ ಇಳಿಸುವ ಸೌಲಭ್ಯವೂ ಸೆಟ್ಟಿಂಗ್ಸಿನಲ್ಲಿದೆ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡವರಿಗೆ ಮಾತ್ರ ಯಾವ ಸೆಟ್ಟಿಂಗೂ ನಾಟದು.

ಅನ್ವಯ

ಪೋಸ್ಟು ಹಾಕಿದ ಮೂರನೆಯ ದಿನ ಬೆಳಿಗ್ಗೆ ಅಕ್ಕನ ಮೆಸೆಂಜರಿಗೆ ಸಂದೇಶ ಬರುತ್ತದೆ. ಹೆಸರು ತಮ್ಮನದು, ಫೋಟೊ ಇದೇ ಪೋಸ್ಟಿನದು, ಖಾತೆ ನಿನ್ನೆ ರಾತ್ರಿ ತೆರೆದದ್ದು.

‘ಅಕ್ಕಾ, ಗಂಗೇಲಿ ಫೋನ್ ಬಿದ್ದೋಯ್ತು, ಹೊಸ ಅಕೌಂಟ್ ಮಾಡ್ಕೊಂಡೆ. ಪುಟ್ಟಿಗೆ ರಾತ್ರಿಯಿಂದ ವಾಂತಿ, ಆಸ್ಪತ್ರೇಲಿದೀವಿ. ಭಾವಂಗೆ ಹೇಳಿ ಈ ನಂಬರಿಗೆ ಐವತ್ತು ಸಾವಿರ ಹಾಕ್ಸು. ಅಮ್ಮಂಗೆ ಮಾತ್ರ ಹೇಳ್ಬೇಡ, ಊರಲ್ಲಿ ಒಬ್ಳೇ ಇದಾಳೆ, ಗಾಬರಿ ಆಗ್ತಾಳೆ.’

ಗಂಗೆ ಐದನೆಯ ಸಾಲಿನದು. ಪುಟ್ಟಿ ಮೂರನೆಯದು. ಅಕ್ಕ, ಭಾವ ಆರನೆಯದು. ಅಮ್ಮನ ಮೇಲಿನ ಕಾಳಜಿ, ಹಿಂದೆ ಹೇಳಿದ ಆ ಬಾಲದ್ದು. ಅದು ನಂಬಿಕೆಯನ್ನೂ ಹುಟ್ಟಿಸುತ್ತದೆ, ಅಕ್ಕ ಇನ್ನೊಬ್ಬರನ್ನು ವಿಚಾರಿಸುವ ದಾರಿಯನ್ನೂ ಮುಚ್ಚುತ್ತದೆ. ವಂಚಕ ಸ್ವಂತದ್ದೆಂದು ಸೇರಿಸಿದ್ದು ನೀರಿಗೆ ಬಿದ್ದ ಫೋನು, ವಾಂತಿ ಮತ್ತು ಐವತ್ತು ಸಾವಿರ, ಅಷ್ಟೇ.

ಅಕ್ಕ ಮಾಡಬೇಕಾದದ್ದು ತಮ್ಮನ ಹಳೆಯ ನಂಬರಿಗೆ ಒಂದು ಫೋನು. ಎತ್ತದಿದ್ದರೆ ನಾದಿನಿಯ ನಂಬರಿಗೆ. ಅಷ್ಟರಲ್ಲಿ ಭಾವ ಹಣ ಹಾಕಿಬಿಟ್ಟಿದ್ದರೆ ನಾಚಿಕೆ ಪಡುತ್ತ ಕೂರದೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲು ದೂರು ಮುಟ್ಟಿದರೆ ಬ್ಯಾಂಕುಗಳು ಅದನ್ನು ತಡೆಹಿಡಿಯುವ ಸಾಧ್ಯತೆಯಿದೆ.