ಪಿಕ್ಚರ್ ಟ್ಯೂಬ್ ಕಿತ್ತ ಮೇಲೆ ಉಳಿಯುವ ಆಟ

ಹಳೆಯ ಆರ್ಕೇಡ್ ಯಂತ್ರದ ಪರದೆ ಮಂಕಾಯಿತೆಂದರೆ ಒಳಗಿನ ಪಿಕ್ಚರ್ ಟ್ಯೂಬ್ ಕಿತ್ತು ಎಲ್‌ಸಿಡಿ ಕೂರಿಸುವುದು ಈಗ ಅಮೆರಿಕ, ಜಪಾನ್, ಯುರೋಪ್ ಎಲ್ಲೆಡೆ ರೂಢಿ. ಸಂಗ್ರಹಕಾರರೂ ಮಾಡುತ್ತಾರೆ, ಆಟದ ಅಂಗಡಿಯವರೂ ಮಾಡುತ್ತಾರೆ, ಮನೆಯಲ್ಲೊಂದು ಪ್ಯಾಕ್-ಮ್ಯಾನ್ ಇಟ್ಟುಕೊಂಡವರೂ ಮಾಡುತ್ತಾರೆ. ಎಲ್ಲರ ಸಮರ್ಥನೆಯೂ ಒಂದೇ. ಆಟ ಇರುವುದು ಬೋರ್ಡಿನ ಚಿಪ್ಪುಗಳಲ್ಲಿ, ಪರದೆ ಅದನ್ನು ತೋರಿಸುತ್ತದೆ ಅಷ್ಟೆ. ಈ ಮಾತನ್ನು ನಾನು ಒಪ್ಪುವುದಿಲ್ಲ. 1990ರ ದಶಕದವರೆಗಿನ ಆರ್ಕೇಡ್ ಆಟಗಳಲ್ಲಿ ಚಿಪ್ಪು ಕೊಡುತ್ತಿದ್ದದ್ದು ಚಿತ್ರದ ಕರಡು. ಅದನ್ನು ಮುಗಿಸುತ್ತಿದ್ದದ್ದು ಟ್ಯೂಬು.

ಕ್ಯಾಪ್‌ಕಾಮ್ 1991ರಲ್ಲಿ ತಂದ ಸ್ಟ್ರೀಟ್ ಫೈಟರ್ 2 ನೋಡಿ. ಅದರ ಬೋರ್ಡು ಕಳಿಸುವ ಚಿತ್ರದಲ್ಲಿ ಅಡ್ಡಕ್ಕೆ 384 ಚುಕ್ಕಿ, ಮೇಲಿಂದ ಕೆಳಕ್ಕೆ 224 ಸಾಲು. ಚುಕ್ಕಿಗಳೆಲ್ಲ ಚೌಕ ಎಂದುಕೊಂಡರೆ ಇದು ಬಹಳ ಅಗಲದ ಚಿತ್ರ. ಆದರೆ ಯಂತ್ರದೊಳಗಿನ ಟ್ಯೂಬಿನ ಅಳತೆ 4:3. ಹಾಗಾಗಿ ಗಾಜಿನ ಮೇಲೆ ಬೀಳುವಾಗ ಪ್ರತಿ ಚುಕ್ಕಿಯೂ ಅಡ್ಡಕ್ಕೆ ಕುಗ್ಗುತ್ತಿತ್ತು. ಆಟದ ಪಾತ್ರಗಳಾದ ರಿಯು, ಚುನ್-ಲಿ ಇವರ ಮೈಕಟ್ಟು ಸರಿಯಾಗಿ ಕಾಣುವುದು ಹಾಗೆ ಕುಗ್ಗಿದ ಮೇಲೆಯೇ. ಅದೇ ಬೋರ್ಡನ್ನು 16:9 ಪರದೆಗೆ ಜೋಡಿಸಿ ಅಂಚಿನಿಂದ ಅಂಚಿಗೆ ಹಿಗ್ಗಿಸಿಟ್ಟ ಯಂತ್ರಗಳಿವೆ. ಅವುಗಳಲ್ಲಿ ರಿಯು ಭುಜ ಉಬ್ಬಿ, ಕಾಲು ಗಿಡ್ಡವಾಗಿ, ಗುರುತು ಹತ್ತದಷ್ಟು ಕೆಟ್ಟಿರುತ್ತಾನೆ.

4:3 ಅಳತೆ ಕಾಪಾಡಿಕೊಂಡರೂ ತೊಡಕು ಮುಗಿಯುವುದಿಲ್ಲ. 1080 ಸಾಲಿನ ಪರದೆಯಲ್ಲಿ ಆ ಅಳತೆಗೆ ಸಿಗುವ ಜಾಗ 1440 ಅಡ್ಡ, 1080 ಉದ್ದ. 1440ನ್ನು 384ರಿಂದ ಭಾಗಿಸಿದರೆ 3.75. ಎಲ್‌ಸಿಡಿಯಲ್ಲಿ ಮುಕ್ಕಾಲು ಚುಕ್ಕಿ ಎಂಬುದಿಲ್ಲವಾದ್ದರಿಂದ ಮೂಲದ ಕೆಲವು ಚುಕ್ಕಿಗಳಿಗೆ ನಾಲ್ಕು ಪಾಲು, ಕೆಲವಕ್ಕೆ ಮೂರೇ ಪಾಲು. ನಿಂತ ಚಿತ್ರದಲ್ಲಿ ಇದು ಅಷ್ಟಾಗಿ ಗೊತ್ತಾಗದು. ಆಟಗಾರ ಹಿಂದೆ ಸರಿದು ಹಿನ್ನೆಲೆ ಜರುಗಲು ಶುರುವಾದಾಗ ನೋಡಬೇಕು. ನೆಲದ ಗೆರೆಗಳು, ಕಂಬದ ಅಂಚುಗಳು ದಪ್ಪವಾಗಿ, ತೆಳ್ಳಗಾಗಿ, ಮತ್ತೆ ದಪ್ಪವಾಗಿ ಕುಲುಕುತ್ತ ಹೋಗುತ್ತವೆ. ಮಸುಕು ಮಾಡಿ ಇದನ್ನು ಮುಚ್ಚುವವರಿದ್ದಾರೆ. ಆಗ ಕುಲುಕಾಟದ ಜೊತೆಗೆ ಚಿತ್ರದ ಮೊನಚೂ ಹೋಗುತ್ತದೆ.

ಟ್ಯೂಬಿನಲ್ಲಿ ಗಟ್ಟಿ ಅಂಚಿನ ಚೌಕ ಎಂಬುದೇ ಇರಲಿಲ್ಲ. ಎಲೆಕ್ಟ್ರಾನ್ ಕಿರಣ ಸೆಕೆಂಡಿಗೆ ಸುಮಾರು 15,700 ಸಾಲು ಎಳೆಯುತ್ತಿತ್ತು. ಸಾಲು ಸಾಲಿನ ನಡುವೆ ಕಪ್ಪು ಉಳಿಯುತ್ತಿತ್ತು. ಬೆಳಕು ಹೆಚ್ಚಿದ್ದ ಕಡೆ ಸಾಲು ಊದಿಕೊಂಡು ಆ ಕಪ್ಪನ್ನು ತುಂಬುತ್ತಿತ್ತು, ಕತ್ತಲಿದ್ದ ಕಡೆ ನವಿರಾಗುತ್ತಿತ್ತು. ಆ ಕಾಲದ ಚಿತ್ರಕಾರರು ಇದೇ ಗಾಜನ್ನು ಎದುರಿಗಿಟ್ಟುಕೊಂಡು ಬಿಡಿಸಿದರು. ಎರಡು ಬಣ್ಣ ಅಕ್ಕಪಕ್ಕ ಇಟ್ಟರೆ ಗಾಜಿನ ಮೇಲೆ ಮೂರನೆಯದೊಂದು ಛಾಯೆ ಹುಟ್ಟುತ್ತದೆಂದು ಅವರಿಗೆ ಗೊತ್ತಿತ್ತು. ಟ್ಯೂಬಿನಲ್ಲಿ ಕೆನ್ನೆಯ ನೆರಳಾಗಿ ಕಂಡದ್ದು ಎಲ್‌ಸಿಡಿಯಲ್ಲಿ ಎಳೆ ಎಣಿಸಿ ಹೊಲಿದ ಕಸೂತಿಯ ಹಾಗೆ ಬಿಡಿಬಿಡಿಯಾಗಿ ಕಾಣುತ್ತದೆ. ಹೊಸ ಪರದೆ ತುಂಬ ಸ್ಪಷ್ಟವಾಗಿದೆ ಎಂದು ಹೊಗಳುವವರು ನೋಡುತ್ತಿರುವುದು ಚಿತ್ರಕಾರ ಯಾರಿಗೂ ತೋರಿಸಬೇಕೆಂದುಕೊಳ್ಳದ ಕರಡನ್ನು.

ಇನ್ನು ಚಲನೆ. ಟ್ಯೂಬಿನ ಗಾಜಿಗೆ ಬಳಿದ ಫಾಸ್ಫರ್ ಕಿರಣ ತಾಗಿದಾಗ ಹೊಳೆದು ಬೇಗನೆ ಆರುತ್ತದೆ. ಎಲ್‌ಸಿಡಿ ಒಂದು ಚಿತ್ರವನ್ನು ಮುಂದಿನ ಚಿತ್ರ ಬರುವವರೆಗೆ, ಅಂದರೆ ಸುಮಾರು 16.7 ಮಿಲಿಸೆಕೆಂಡು, ಹಾಗೆಯೇ ಹಿಡಿದಿಡುತ್ತದೆ. ಓಡುವ ವಸ್ತುವನ್ನು ಕಣ್ಣು ಹಿಂಬಾಲಿಸುವಾಗ ಅದು ಕಲಸಿದಂತೆ ಕಾಣುವುದು ಈ ಕಾರಣಕ್ಕೆ. ಹಳೆಯ ಸಂಕೇತವನ್ನು ಎಲ್‌ಸಿಡಿಗೆ ಹೊಂದಿಸುವ ಅಗ್ಗದ ಪರಿವರ್ತಕ ಬೋರ್ಡುಗಳು ಇಡೀ ಚಿತ್ರವನ್ನು ಮೊದಲು ತುಂಬಿಕೊಂಡು ಆಮೇಲೆ ಪರದೆಗೆ ಕೊಡುವುದರಿಂದ ಗುಂಡಿ ಒತ್ತಿದ್ದಕ್ಕೂ ಕೈ ಬೀಸಿದ್ದಕ್ಕೂ ನಡುವೆ ಒಂದೋ ಎರಡೋ ಚಿತ್ರದ ವಿಳಂಬ ಸೇರುತ್ತದೆ. 1992ರ ಮಾರ್ಟಲ್ ಕಾಂಬ್ಯಾಟ್‌ನಂಥ ಆಟಗಳ ಪಾಡು ಇನ್ನೂ ಕಷ್ಟ. ಅದರ ಬೋರ್ಡು ಸೆಕೆಂಡಿಗೆ ಸುಮಾರು 55 ಚಿತ್ರ ಕಳಿಸುತ್ತದೆ. ಪರದೆ 60ಕ್ಕೇ ಅಂಟಿಕೊಂಡಿದ್ದರೆ ಸೆಕೆಂಡಿಗೆ ಐದಾರು ಬಾರಿ ಒಂದೇ ಚಿತ್ರ ಎರಡೆರಡು ಸಲ ಬಂದು ಓಟ ಮುಗ್ಗರಿಸುತ್ತದೆ.

ಇಷ್ಟು ಕಳೆದುಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆಯನ್ನು ಬಹಳ ಜನ ಕೇಳುವುದೇ ಇಲ್ಲ. ಟ್ಯೂಬ್ ನಿಜಕ್ಕೂ ಕೆಟ್ಟಿದೆಯೇ? ಮಾನಿಟರ್ ಹೋಯಿತು ಎಂದು ಬಿಸಾಡಿದವುಗಳಲ್ಲಿ ಎಷ್ಟೋ ಸಲ ಕೆಟ್ಟಿರುವುದು ಅದರ ಹಿಂದಿನ ಸರ್ಕ್ಯೂಟು. ಎಲೆಕ್ಟ್ರೋಹೋಮ್ ಜಿ07, ವೆಲ್ಸ್-ಗಾರ್ಡ್ನರ್ ಕೆ7000 ಮುಂತಾದ ಚಾಸಿಗಳಿಗೆ, ಅಂದರೆ ಆ ಸರ್ಕ್ಯೂಟಿನ ಚೌಕಟ್ಟುಗಳಿಗೆ, ಬೇಕಾದ ಕೆಪಾಸಿಟರುಗಳನ್ನು ಒಂದೇ ಪೊಟ್ಟಣದಲ್ಲಿ ಕಟ್ಟಿ ಮಾರುತ್ತಾರೆ ಎಂದರೆ ಈ ಕಾಯಿಲೆ ಎಷ್ಟು ಸಾಮಾನ್ಯ ಎಂದು ಊಹಿಸಬಹುದು. ಚಿತ್ರ ಮೇಲಿನಿಂದ ಮಡಚಿಕೊಂಡರೆ, ಅಂಚು ಅಲೆಅಲೆಯಾದರೆ, ಎತ್ತರ ಕುಗ್ಗಿದರೆ ಮೊದಲ ಅನುಮಾನ ಒಣಗಿದ ಕೆಪಾಸಿಟರಿನ ಮೇಲೆ. ಒಂದು ಬಣ್ಣ ಬಂದು ಹೋಗಿ ಮಾಡುತ್ತಿದ್ದರೆ ಟ್ಯೂಬಿನ ಕುತ್ತಿಗೆಗೆ ಸಿಕ್ಕಿಸಿದ ಬೋರ್ಡಿನಲ್ಲಿ ಡ್ರೈ ಸೋಲ್ಡರ್ ಇದೆಯೇ ನೋಡಬೇಕು. ನಮ್ಮ ಊರುಗಳ ಟಿವಿ ರಿಪೇರಿಯವರಿಗೆ ಇದೆಲ್ಲ ಕೈ ಕಸುಬಾಗಿತ್ತು. ಟಿವಿಯ ಪಿಕ್ಚರ್ ಟ್ಯೂಬುಗಳು ಬೆಂಗಳೂರಿನ ಬಿಇಎಲ್‌ನಲ್ಲೇ ತಯಾರಾಗುತ್ತಿದ್ದ ಕಾಲವೊಂದಿತ್ತು. ಸೆಟ್ಟಿನ ಬೆನ್ನು ಬಿಚ್ಚಿ, ಕಂಡೆನ್ಸರ್ ಹೋಗಿದೆಯೋ ಎಲ್‌ಓಟಿ (ಲೈನ್ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್) ಹೋಗಿದೆಯೋ ಎಂದು ಹೇಳಬಲ್ಲ ಆ ಕೈಗಳಿಗೆ ಆರ್ಕೇಡ್ ಮಾನಿಟರ್ ಅಪರಿಚಿತ ವಸ್ತುವಲ್ಲ.

ಟ್ಯೂಬೇ ಸವೆದಿದ್ದರೆ ಅದರ ಲಕ್ಷಣ ಬೇರೆ. ಯಂತ್ರ ಚಾಲೂ ಮಾಡಿ ಎಷ್ಟೋ ಹೊತ್ತಾದ ಮೇಲೆ ಚಿತ್ರ ಮೂಡುತ್ತದೆ, ಮೂಡಿದರೂ ಮಬ್ಬಾಗಿಯೇ ಇರುತ್ತದೆ. ವರ್ಷಗಟ್ಟಲೆ ಒಂದೇ ಆಟ ಓಡಿದ ಪ್ಯಾಕ್-ಮ್ಯಾನ್ ಯಂತ್ರಗಳಲ್ಲಿ ಕರೆಂಟು ಆರಿಸಿದ ಮೇಲೂ ಗಾಜಿನ ಮೇಲೆ ಚಕ್ರವ್ಯೂಹದ ಗೆರೆಗಳು ಸುಟ್ಟ ಕಲೆಯಾಗಿ ಉಳಿದಿರುತ್ತವೆ. ಅಲ್ಲಿ ಬದಲಾವಣೆ ಬೇಕು, ನಿಜ. ಟ್ಯೂಬಿನ ಕೆಲಸಕ್ಕೆ ಕೈ ಹಾಕಲು ಹಲವರು ಹೆದರುವುದಕ್ಕೂ ಕಾರಣವಿದೆ. ಅದಕ್ಕೆ ಹೋಗುವ ವೋಲ್ಟೇಜು ಇಪ್ಪತ್ತು ಸಾವಿರದ ಆಸುಪಾಸು, ಪ್ಲಗ್ ಕಿತ್ತ ಮೇಲೂ ಒಳಗೆ ಚಾರ್ಜು ನಿಂತಿರಬಹುದು. ಈ ಅಪಾಯ ಗೊತ್ತಿಲ್ಲದವರು ಮುಟ್ಟದಿರುವುದೇ ಸರಿ.

ಕೆಲವು ಯಂತ್ರಗಳಲ್ಲಿ ಮಾತ್ರ ಎಲ್‌ಸಿಡಿಗೆ ಜಾಗವೇ ಇಲ್ಲ. ಅಟಾರಿಯ ಆಸ್ಟರಾಯ್ಡ್ಸ್ (1979) ಸಾಲುಗಳಿಂದ ಕಟ್ಟಿದ ಚಿತ್ರವಲ್ಲ. ಅದರಲ್ಲಿ ಕಿರಣ ಪೆನ್ನಿನ ಮೊನೆಯಾಗಿ ಗಾಜಿನ ಮೇಲೆ ನೇರವಾಗಿ ಗೆರೆ ಎಳೆಯುತ್ತದೆ. ಗುಂಡು ಹಾರುವಾಗ ಆ ಕಿರಣ ಒಂದೇ ಬಿಂದುವಿನಲ್ಲಿ ನಿಲ್ಲುವುದರಿಂದ ಆ ಬಿಂದು ಕತ್ತಲಲ್ಲಿ ಉರಿದಂತೆ ಹೊಳೆಯುತ್ತದೆ. ಆ ಉರಿಯನ್ನು ಮಾಮೂಲಿ ಎಲ್‌ಸಿಡಿ ಕೊಡಲಾರದು. ತೊಮೊಹಿರೊ ನಿಶಿಕಾಡೊ ರೂಪಿಸಿದ ಸ್ಪೇಸ್ ಇನ್ವೇಡರ್ಸ್ (1978) ಕಪ್ಪು-ಬಿಳುಪಿನ ಆಟ. ನಿಂತು ಆಡುವ ಯಂತ್ರದಲ್ಲಿ ಅದರ ಚಿತ್ರ ಕನ್ನಡಿಯಲ್ಲಿ ಪ್ರತಿಫಲಿಸಿ, ಹಿಂದೆ ಬಿಡಿಸಿಟ್ಟ ಚಂದ್ರನ ನೆಲದ ಚಿತ್ರದ ಮೇಲೆ ತೇಲುತ್ತದೆ. ಟ್ಯೂಬಿನ ಕಪ್ಪು ನಿಜವಾದ ಕಪ್ಪಾದ್ದರಿಂದ ಚಂದ್ರ ಸ್ವಚ್ಛವಾಗಿ ಕಾಣುತ್ತಾನೆ. ಎಲ್‌ಸಿಡಿಯ ಹಿಂಬೆಳಕು ಸೋರಿದರೆ ಅವನ ಮೇಲೆ ಬೂದು ಮಂಜು ಕವಿಯುತ್ತದೆ. ನಾಮ್ಕೊದ ಟೈಮ್ ಕ್ರೈಸಿಸ್‌ನ (1995) ಬಂದೂಕು ಗುರಿ ತಿಳಿಯುವುದೇ ಕಿರಣ ಹಾದುಹೋಗುವ ಕ್ಷಣವನ್ನು ನೋಡಿ. ಕಿರಣವಿಲ್ಲದ ಪರದೆಯ ಮುಂದೆ ಅದು ಕುರುಡು. ಟೈಟೊದ ಆಪರೇಷನ್ ವುಲ್ಫ್‌ನಲ್ಲಿ (1987) ಬಂದೂಕನ್ನು ಯಂತ್ರಕ್ಕೇ ಬಿಗಿದು, ಅದು ತಿರುಗಿದ ಕೋನದಿಂದ ಗುರಿ ಲೆಕ್ಕ ಹಾಕುವುದರಿಂದ ಅದಕ್ಕೆ ಈ ತೊಂದರೆ ಇಲ್ಲ. ಪ್ರತಿ ಆಟವನ್ನೂ ಅದರದರ ಮೇಲೆಯೇ ತೂಗಬೇಕು ಎನ್ನುವುದು ಇದಕ್ಕೇ.

ಬದಲಿಸಲೇಬೇಕಾದ ಕಡೆ ಚೆನ್ನಾಗಿ ಬದಲಿಸಿದವರನ್ನು ನಾನು ಮನಸಾರೆ ಮೆಚ್ಚುತ್ತೇನೆ. ಅವರು 4:3 ಪರದೆಯನ್ನೇ ಹುಡುಕಿ ತರುತ್ತಾರೆ. ಚಿತ್ರವನ್ನು ತುಂಬಿಟ್ಟುಕೊಳ್ಳದೆ ಸಾಲು ಬಂದಂತೆ ದಾಟಿಸುವ ಪರಿವರ್ತಕ ಹಾಕುತ್ತಾರೆ. ಬೋರ್ಡಿನ ಬಣ್ಣದ ಸಂಕೇತ ಪರಿವರ್ತಕ ನಿರೀಕ್ಷಿಸುವ 0.7 ವೋಲ್ಟಿಗಿಂತ ಜೋರಾಗಿರುವುದನ್ನು ಅರಿತು ತಗ್ಗಿಸುತ್ತಾರೆ, ಇಲ್ಲವಾದರೆ ಬಿಳಿ ಬಣ್ಣ ಅತಿಯಾಗಿ ಬೆಳಗಿ ಚಿತ್ರದ ವಿವರ ಅಳಿಸಿಹೋಗುತ್ತದೆ. ಡಾಂಕಿ ಕಾಂಗ್ ಬೋರ್ಡು ಬಣ್ಣಗಳನ್ನು ತಿರುಗುಮುರುಗಾಗಿ ಕಳಿಸುತ್ತದೆಂದು ತಿಳಿದು ಅದನ್ನು ನೆಟ್ಟಗೆ ಮಾಡುವ ಚಿಕ್ಕ ಬೋರ್ಡೊಂದನ್ನು ನಡುವೆ ಸೇರಿಸುತ್ತಾರೆ. ಮುಖ್ಯವಾಗಿ, ಯಂತ್ರದ ಮರಕ್ಕೆ ಗರಗಸ ಹಾಕುವುದಿಲ್ಲ. ಹಳೆಯ ಟ್ಯೂಬು ಮತ್ತೆ ಕೂರುವಂತೆ ಅದರ ಚೌಕಟ್ಟನ್ನು ಕಾಪಾಡಿರುತ್ತಾರೆ. 2160 ಸಾಲಿನ ಪರದೆಯಲ್ಲಿ ಹಳೆಯ 240 ಸಾಲಿನ ಪ್ರತಿ ಸಾಲಿಗೂ ಒಂಬತ್ತು ಸಾಲು ಸಿಗುತ್ತದೆ. ಸಾಲು ಊದುವುದನ್ನೂ ಬಣ್ಣದ ಜಾಲರಿಯನ್ನೂ ತಂತ್ರಾಂಶದಲ್ಲೇ ಮರುಸೃಷ್ಟಿಸಲು ಅಷ್ಟು ಜಾಗ ಸಾಕು, ಒಳ್ಳೆಯ ಉದಾಹರಣೆಗಳೂ ಇವೆ. ದಿನವಿಡೀ ಜನ ಆಡುವ ಅಂಗಡಿಯವರು ಹೀಗೆ ಮಾಡಿದರೆ ತಕರಾರಿಲ್ಲ.

ಅಪರೂಪದ ಯಂತ್ರ ಇಟ್ಟುಕೊಂಡವರು ಮಾತ್ರ ಪರದೆಯ ಅಂಗಡಿಗೆ ಹೋಗುವ ಮೊದಲು ಗುಜರಿಗೆ ಹೋಗಬೇಕು. ಅಲ್ಲಿಗೆ ಬಂದು ಬೀಳುವ ಹಳೆಯ ಟಿವಿಗಳ ಟ್ಯೂಬುಗಳಲ್ಲಿ ಕುತ್ತಿಗೆಯ ಪಿನ್ನೂ ಕಿರಣವನ್ನು ತಿರುಗಿಸುವ ಯೋಕ್ ಸುರುಳಿಯ ಅಳತೆಯೂ ಹೊಂದುವಂಥದ್ದು ಸಿಕ್ಕಿದರೆ ಆರ್ಕೇಡ್ ಚಾಸಿಗೆ ಅದನ್ನೇ ಜೋಡಿಸಬಹುದು. ಸುಟ್ಟ ಗೆರೆ ಹೊತ್ತ ಪ್ಯಾಕ್-ಮ್ಯಾನ್ ಯಂತ್ರಗಳಿಗೆ ಹೀಗೆ ಟಿವಿಯ ಟ್ಯೂಬು ಹಾಕಿ ಆಡಿಸುತ್ತಿರುವವರು ಇಂದಿಗೂ ಇದ್ದಾರೆ. ಟಿವಿಗಳು ಗುಜರಿಯಲ್ಲಿ ಒಡೆದು ಪುಡಿಯಾಗುವ ಮೊದಲು ಆ ಕೆಲಸ ಆಗಬೇಕು.