ಕಾಲಜ್ಞಾನ ಗ್ರಂಥಗಳನ್ನು ಓದುವ ಕ್ರಮ

ಲೋಕವು ಅಳಿಯುವ ಬಗೆಯನ್ನೂ, ಅಳಿದ ಮೇಲೆ ಉಳಿದವರ ಬಾಳನ್ನೂ ವರ್ಣಿಸುವ ಕಥೆಗಳು ಪಾಶ್ಚಾತ್ಯ ಸಾಹಿತ್ಯದಲ್ಲಿ ವಿಪುಲವಾಗಿವೆ. ಅಂಥವು ಕನ್ನಡದಲ್ಲಿ ಉಂಟೆ ಎಂದು ಕೇಳುವವರಿಗೆ ನಮ್ಮ ಕಾಲಜ್ಞಾನ ವಾಙ್ಮಯವನ್ನು ತೋರಿಸಬಹುದು. ಚೆನ್ನಬಸವಣ್ಣ, ಸಿದ್ಧರಾಮ, ಸರ್ವಜ್ಞ, ಕೊಡೇಕಲ್ಲ ಬಸವಣ್ಣ ಮೊದಲಾದವರ ಹೆಸರಿನಲ್ಲಿ ಇಂತಹ ರಚನೆಗಳು ಓಲೆಯಲ್ಲಿಯೂ ಕಾಗದದಲ್ಲಿಯೂ ಉಳಿದು ಬಂದಿವೆ. ಚರಿತ್ರಕಾರನು ಇವುಗಳಿಂದ ಅರಸರ ಹೆಸರುಗಳನ್ನು ಆಯ್ದುಕೊಂಡು ಮಿಕ್ಕುದನ್ನು ಬಿಡುತ್ತಾನೆ. ಭಕ್ತನು ಮುಂದೆ ಆಗತಕ್ಕುದನ್ನು ಮಾತ್ರ ಹಿಡಿಯುತ್ತಾನೆ. ಹೀಗೆ ಇಬ್ಬರ ಕೈಯಲ್ಲಿಯೂ ಗ್ರಂಥವು ಇಬ್ಭಾಗವಾಗುವುದೇ ಹೊರತು ಇಡಿಯಾಗಿ ಓದಿಸಿಕೊಳ್ಳುವುದಿಲ್ಲ. ಇಡಿಯಾಗಿ ಓದಿದರೆ ಏನು ಕಾಣುವುದೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಈ ವಾಙ್ಮಯಕ್ಕೆ ತನ್ನದೇ ಆದ ನೆಲವುಂಟು. ಅದರ ಒಂದು ತುದಿಯಲ್ಲಿ ಹನ್ನೆರಡನೆಯ ಶತಮಾನದಲ್ಲಿ ಶರಣರು ಚದುರಿಹೋದ ಕಲ್ಯಾಣವಿದೆ; ಇನ್ನೊಂದು ತುದಿಯಲ್ಲಿ ಈಗ ಯಾದಗಿರಿ ಜಿಲ್ಲೆಗೆ ಸೇರಿದ ಕೊಡೇಕಲ್ಲಿದೆ. ಆಳಂದ, ಅಫಜಲಪುರ, ಜೇವರ್ಗಿಗಳು ಇವೆರಡರ ನಡುವಣ ಸೀಮೆ. 1347ರಲ್ಲಿ ಕಲಬುರಗಿಯಲ್ಲಿ ತಲೆಯೆತ್ತಿದ ಬಹಮನಿ ರಾಜ್ಯ, ಅದು ಒಡೆದ ಮೇಲೆ ಬಿಜಾಪುರದ ಆದಿಲಶಾಹಿ, 1686ರಲ್ಲಿ ಬಿಜಾಪುರವನ್ನು ಗೆದ್ದ ಮೊಗಲರು, ಅನಂತರ ನಿಜಾಮರು ಎಂದು ಈ ಸೀಮೆ ಒಡೆಯರ ಸಾಲನ್ನೇ ಕಂಡು, 1948ರಲ್ಲಿ ಹೈದರಾಬಾದ್ ಸಂಸ್ಥಾನದೊಡನೆ ಭಾರತದಲ್ಲಿ ಸೇರಿತು. ಕನ್ನಡ, ಮರಾಠಿ, ದಖನಿ ಮಾತುಗಳು ಇಲ್ಲಿ ಒಂದೇ ಸಂತೆಯಲ್ಲಿ ಕೇಳಿಬರುತ್ತವೆ. ಕೊಡೇಕಲ್ಲ ಪರಂಪರೆಯ ಬರಹಗಳಲ್ಲಿ ಹಲವು ಭಾಷೆಗಳು ಬೆರೆತಿರುವುದು ಈ ನೆಲವನ್ನು ಬಲ್ಲವರಿಗೆ ವಿಚಿತ್ರವೆನಿಸದು. ರಾಜ್ಯಗಳು ಮುರಿಯುವುದನ್ನು ಮೇಲಿಂದ ಮೇಲೆ ಕಂಡ ಜನಕ್ಕೆ ಪ್ರಳಯವೆಂಬುದು ಪುರಾಣದ ಜಲಪ್ರಳಯವಲ್ಲ; ಊರು ಹಾಳಾಗುವುದು, ಬೆಳೆ ಸೂರೆಹೋಗುವುದು, ಮನೆಮಠ ಬಿಟ್ಟು ನಡೆಯುವುದು.

ವಿರೂಪಾಕ್ಷ ಪಂಡಿತನ ಚೆನ್ನಬಸವಪುರಾಣವನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ. ಇದರ ಕಾಲ 1584. ಎಂದರೆ ವಿಜಯನಗರದ ಸೈನ್ಯವು ನುಚ್ಚುನೂರಾದ 1565ರ ಯುದ್ಧದಿಂದ ಹತ್ತೊಂಬತ್ತು ವರ್ಷಗಳ ಅನಂತರದ್ದು. ಕವಿಯಾದರೋ ಕಥೆಯನ್ನು ಹನ್ನೆರಡನೆಯ ಶತಮಾನದ ಚೆನ್ನಬಸವಣ್ಣನ ಬಾಯಿಂದ ಸಿದ್ಧರಾಮನಿಗೆ ಹೇಳಿಸುತ್ತಾನೆ. ಕವಿಗೆ ಭೂತವಾದುದು ವಕ್ತಾರನಿಗೆ ಭವಿಷ್ಯವಾಗುತ್ತದೆ. ಕೊನೆಯಲ್ಲಿ ವೀರವಸಂತರಾಯನು ಬರುವನು, ಕಲ್ಯಾಣವು ಮತ್ತೆ ಕಟ್ಟಲ್ಪಡುವುದು ಎಂಬ ಭರವಸೆಯುಂಟು. ಯೆಹೂದ್ಯರ ದಾನಿಯೇಲನ ಗ್ರಂಥವೂ ಹೀಗೆಯೇ ಆದ ಸಂಗತಿಗಳನ್ನು ಪ್ರಾಚೀನನೊಬ್ಬನ ಬಾಯಿಂದ ಮುಂದಾಗುವವೆಂಬಂತೆ ಹೇಳಿಸಿದೆಯೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿರುತ್ತಾರೆ. ಇಂತಹ ಗ್ರಂಥದಲ್ಲಿ ನಡೆದುಹೋದುದು ಮುಗಿದು ನಡೆಯಬೇಕಾದುದು ತೊಡಗುವ ಹೊಲಿಗೆಯೊಂದಿರುತ್ತದೆ. ಅದನ್ನು ಹಿಡಿದು ಗ್ರಂಥದ ಕಾಲವನ್ನು ಊಹಿಸುವುದು ಪಂಡಿತರಿಗೆ ಪರಿಚಿತವಾದ ಮಾರ್ಗ. ಸಾಹಿತ್ಯದ ದೃಷ್ಟಿಯಿಂದಲೂ ಆ ಹೊಲಿಗೆಯೇ ಮರ್ಮಸ್ಥಾನ. ಅದರ ಆಚೆಗೆ ನೆನಪು, ಈಚೆಗೆ ಹಂಬಲ. ನೆನಪು ನಿಜವೆಂದು ಬಲ್ಲ ಕೇಳುಗನು ಹಂಬಲವನ್ನೂ ನಂಬುತ್ತಾನೆ.

ಮೇರಿ ಶೆಲ್ಲಿಯ ‘ದಿ ಲಾಸ್ಟ್ ಮ್ಯಾನ್’ ಎಂಬ ಕಾದಂಬರಿಯನ್ನು (1826) ಇದರ ಪಕ್ಕದಲ್ಲಿಟ್ಟು ನೋಡಿದರೆ ನಮ್ಮ ಗ್ರಂಥಗಳ ಸ್ವಭಾವ ಸ್ಪಷ್ಟವಾಗುವುದು. ನೇಪಲ್ಸಿನ ಬಳಿಯ ಗವಿಯೊಂದರಲ್ಲಿ ಸಿಬಿಲ್ ಎಂಬ ಪ್ರವಾದಿನಿಯ ಎಲೆಬರಹಗಳು ದೊರೆತವೆಂದು ಆ ಕಾದಂಬರಿಯ ಪೀಠಿಕೆ ಹೇಳುತ್ತದೆ. ಇಪ್ಪತ್ತೊಂದನೆಯ ಶತಮಾನದ ಕೊನೆಯಲ್ಲಿ ಮಾರಿಬೇನೆಯಿಂದ ಮನುಷ್ಯಕುಲ ಅಳಿದುದನ್ನು ಉಳಿದ ಒಬ್ಬನು ಭೂತಕಾಲದಲ್ಲಿ ನಿರೂಪಿಸುತ್ತಾನೆ. ಆಗದುದನ್ನು ಆಯಿತೆಂಬಂತೆ ಹೇಳುವುದು ಆ ಕಾದಂಬರಿಯ ರೀತಿ. ಆದುದನ್ನು ಆಗುವುದೆಂಬಂತೆ ಹೇಳುವುದು ಕಾಲಜ್ಞಾನದ ರೀತಿ. ಅಲ್ಲಿ ಕೊನೆಯ ಮನುಷ್ಯನ ಬರಹಕ್ಕೆ ಓದುಗನೇ ಉಳಿದಿಲ್ಲ. ಇಲ್ಲಿ ಕೇಳುಗನು ಎಂದಿಗೂ ಉಂಟು. ಅವನು ಆ ಕೇಡನ್ನು ದಾಟಿ ಬಂದವರ ಮೊಮ್ಮಗ.

ಕನ್ನಡದ ವ್ಯಾಕರಣವೂ ಈ ರೀತಿಗೆ ನೆರವಾಗುತ್ತದೆ. ‘ಅವನು ದಿನವೂ ಗುಡಿಗೆ ಹೋಗುವನು’ ಎಂದಾಗ ಕ್ರಿಯಾಪದವು ರೂಢಿಯನ್ನು ಹೇಳುತ್ತದೆ. ‘ನಾಳೆ ಹೋಗುವನು’ ಎಂದಾಗ ಭವಿಷ್ಯವನ್ನು. ರೂಪ ಒಂದೇ, ಅರ್ಥ ಎರಡು. ಅರಸರು ಪ್ರಜೆಗಳನ್ನು ಸುಲಿಯುವರು ಎಂದು ಒಬ್ಬನು ನುಡಿದನೆನ್ನಿ. ಅದು ಮುಂದೆ ನಡೆಯುವುದೆಂಬ ಎಚ್ಚರಿಕೆಯೋ, ಎಂದೆಂದಿಗೂ ನಡೆಯುವುದೆಂಬ ದೂರೋ? ಎರಡೂ ಹೌದು. ಕಾಲಜ್ಞಾನವು ಹಳತಾಗದಿರುವುದಕ್ಕೆ ಇದೇ ಮುಖ್ಯ ಕಾರಣವೆಂದು ನನ್ನ ಮತ. ಪ್ರತಿಯೊಂದು ತಲೆಮಾರೂ ಆ ಕ್ರಿಯಾಪದದಲ್ಲಿ ತನ್ನ ಕಾಲದ ಸುಲಿಗೆಯನ್ನೇ ಕೇಳುತ್ತದೆ.

ಇದರಿಂದ ಗ್ರಂಥಸಂಪಾದಕರಿಗೊಂದು ಮಾತು ಹೇಳಬೇಕಾಗುತ್ತದೆ. ಪ್ರಕ್ಷಿಪ್ತವನ್ನು ತೆಗೆದು ಮೂಲಪಾಠವನ್ನು ನಿಲ್ಲಿಸುವುದು ಸಂಪಾದನೆಯ ಧರ್ಮವೆಂದು ನಾವು ಕಲಿತಿದ್ದೇವೆ. ಕಾಲಜ್ಞಾನದ ವಿಷಯದಲ್ಲಿ ಈ ಧರ್ಮವನ್ನು ಕುರುಡಾಗಿ ನಡಸಿದರೆ ನಷ್ಟವೇ ಹೆಚ್ಚು. ತನ್ನ ಕಾಲದ ಬರವನ್ನೋ ಮುತ್ತಿಗೆಯನ್ನೋ ಪ್ರತಿಕಾರನೊಬ್ಬನು ಸೇರಿಸಿದ್ದರೆ, ಹೊಲಿಗೆಯು ಅಷ್ಟು ಮುಂದೆ ಸರಿದಿರುತ್ತದೆ. ಆ ಸೇರಿಕೆಯು ಕವಿಯದಲ್ಲದಿರಬಹುದು. ಆದರೆ ಭಯಪಟ್ಟು ಬರೆದ ಒಬ್ಬ ಮನುಷ್ಯನ ಸಾಕ್ಷ್ಯವದು. ಅಂತಹ ಪಾಠಗಳನ್ನು ಬಿಸುಡದೆ, ಪದರ ಪದರವಾಗಿ, ಪ್ರತಿಗಳ ಕಾಲದೊಡನೆ ಅಚ್ಚುಮಾಡುವುದು ಯುಕ್ತ.

ಅಧ್ಯಾಪಕರಿಗೆ ಹೇಳಬೇಕಾದುದು ಇನ್ನೂ ಗಂಭೀರವಾದುದು. 2020ರ ಮಾರ್ಚಿಯಲ್ಲಿ ಕೊರೋನಾ ರೋಗದಿಂದ ಭಾರತದಲ್ಲಿ ಮೊದಲು ಸತ್ತವರೆಂದು ದಾಖಲಾದವರು ಕಲಬುರಗಿಯವರು. ಅದೇ ವರ್ಷದ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿಗಳ ದಂಡೆಯ ಹಳ್ಳಿಗಳು ನೀರಿನಲ್ಲಿ ನಿಂತವು. ಇಂತಹ ವರ್ಷದಲ್ಲಿ ‘ಇದನ್ನು ಹಿರಿಯರು ಮೊದಲೇ ಹೇಳಿದ್ದರು’ ಎಂಬ ಮಾತು ಸಹಜವಾಗಿ ಹೊರಡುತ್ತದೆ. ಆ ಮಾತಿನಲ್ಲಿ ಸಮಾಧಾನವುಂಟು; ಅಪಾಯವೂ ಉಂಟು. ಹೊಳೆ ಉಕ್ಕಿದುದು ವಿಧಿಯೇ ಆದರೆ, ಮೇಲಿನ ಜಲಾಶಯಗಳಿಂದ ನೀರು ಬಿಟ್ಟ ರೀತಿಯನ್ನಾಗಲಿ, ಹಳ್ಳಿಗೆ ಸುದ್ದಿ ಮುಟ್ಟಿದ ಹೊತ್ತನ್ನಾಗಲಿ ಯಾರೂ ಕೇಳಬೇಕಾಗಿಲ್ಲ. ಕಾಲಜ್ಞಾನದ ಉಕ್ತಿಗಳನ್ನು ರೂಢಿಯ ಅರ್ಥದಲ್ಲಿ ಓದಬಲ್ಲ ವಿದ್ಯಾರ್ಥಿಯು ಈ ಬಲೆಗೆ ಬೀಳನು. ‘ಹೀಗೆ ಆಗುವುದು’ ಎಂಬುದನ್ನು ಅವನು ‘ಒಡೆಯರು ಧರ್ಮ ತಪ್ಪಿದಾಗಲೆಲ್ಲ ಹೀಗೆ ಆಗುತ್ತದೆ’ ಎಂದು ತಿಳಿಯುವನು. ಆಗ ಗ್ರಂಥವು ವಿಧಿಲಿಖಿತವಾಗದೆ ಆಪಾದನೆಯಾಗುತ್ತದೆ.

ಇದೇ ಸೀಮೆಯ ಇನ್ನೊಂದು ವಾಙ್ಮಯವು ಬೇರೆ ದಾರಿ ಹಿಡಿದುದನ್ನು ಮರೆಯಲಾಗದು. ಜೇವರ್ಗಿ ಸೀಮೆಯ ಕಡಕೋಳದ ಮಡಿವಾಳಪ್ಪನೂ ಅವನ ಶಿಷ್ಯರೂ ಬೆಳಸಿದ ತತ್ವಪದಗಳು ಇಂದಿಗೂ ಏಕತಾರಿಯೊಡನೆ ಭಜನೆಗಳಲ್ಲಿ ಹಾಡಲ್ಪಡುತ್ತಿವೆ. ತತ್ವಪದಕಾರನಿಗೆ ದೇಹವೇ ಊರು. ಅದು ಬೀಳುವುದೇ ಪ್ರಳಯ. ಕಾಲಜ್ಞಾನಿಗಾದರೋ ಊರೇ ದೇಹ. ಅದು ಬಿದ್ದಲ್ಲಿಯೇ ಮತ್ತೆ ಏಳಬೇಕು. ಒಬ್ಬನು ಸಾಯುವುದನ್ನು ಕಲಿಸುತ್ತಾನೆ, ಇನ್ನೊಬ್ಬನು ಉಳಿದವರೊಡನೆ ಬಾಳುವುದನ್ನು. ತರಗತಿಯಲ್ಲಿ ಮೊದಲನೆಯವನಿಗೆ ಸಲ್ಲುತ್ತಿರುವ ಗಮನದಲ್ಲಿ ಅರ್ಧದಷ್ಟಾದರೂ ಎರಡನೆಯವನಿಗೆ ಸಲ್ಲುವುದು ನ್ಯಾಯ.